ಎಸೆದ ಪೈರು

"ಕೀಳ್ರೇ ಮುಂಡೇರಾ, ಇನ್ನೊಂದು ಗಾಡಿ ಗೇಟ್‌ತಾವ ನಿಂತದೆ. ನೆಟ್ಟಿದ್ದ ನೋಡ್ಕಂಡು ಕೂತ್ರೆ ನಿಮ್ಮಪ್ಪ ಬಂದು ಕೀಳ್ತಾನಾ?"

ಬದುವಿನ ಮೇಲೆ ನಿಂತು ಸಂತೋಷ್ ಕೂಗಿದ. ಗದ್ದೆಯಲ್ಲಿದ್ದ ಹೆಂಗಸರು ಬಗ್ಗಿದರು. ಬೆಂಗಳೂರಿನ ಅತಿಥಿಗಳು ಈಗಷ್ಟೇ ನಾಟಿ ಹಾಕಿ, ಫೋಟೊ ತೆಗೆಸಿಕೊಂಡು, ಕಾಲು ತೊಳೆಯಲು ಹೋಗಿದ್ದರು. ಅವರು ನೆಟ್ಟದ್ದನ್ನೆಲ್ಲ ಕಿತ್ತು, ಬೇರು ಜಾಲಿಸಿ, ಕಟ್ಟು ಕಟ್ಟಿ ಇಟ್ಟರೆ ಮುಂದಿನ ತಂಡ ಅದನ್ನೇ ನೆಡುತ್ತದೆ. ಮಳವಳ್ಳಿ ಕಡೆಯ ಕಾಡಂಚಿನ ಆ ರೆಸಾರ್ಟಿನಲ್ಲಿ ಹಗಲು ನಾಟಿ, ಸಂಜೆ ಜೀಪಿನಲ್ಲಿ ಆನೆ ನೋಡುವುದು. ಅತಿಥಿಗಳು ನೆಡುವಾಗ ಹೆಂಗಸರು ಸೋಬಾನೆ ಪದ ಹೇಳಬೇಕು. ನಗುತ್ತ ಹೇಳಬೇಕು.

ಚಲುವಮ್ಮ ಮೊದಲ ದಿನ ಕೈಯಾಡದೆ ನಿಂತುಬಿಟ್ಟಿದ್ದಳು. ನೆಟ್ಟ ಪೈರನ್ನು ಅವಳು ಎಂದೂ ಕಿತ್ತವಳಲ್ಲ. ಅದೂ ಈ ಗದ್ದೆಯದು. ಸಂತೋಷನ ಅಪ್ಪನಿಂದ ಇದನ್ನು, ಬೆಳೆದದ್ದರಲ್ಲಿ ಪಾಲು ಅಳೆಯುವ ವಾರಕ್ಕೆ ಪಡೆದು, ಅವಳ ಗಂಡ ಬೋರಯ್ಯ ಬೇಸಾಯ ಮಾಡುತ್ತಿದ್ದ. ಹೋದ ಕಾರ್ತೀಕದಲ್ಲಿ, ಕೊಯ್ಲಿಗೆ ಮುಂಚೆ, ಕಾವಲಿಗೆ ಮಲಗಿದ್ದವನನ್ನು ಆನೆ ತುಳಿಯಿತು. ಆನೆ ತಿಂದು ಉಳಿದ ಭತ್ತ ಒಡೆಯರ ಕಣ ಸೇರಿತು. ಗದ್ದೆ ರೆಸಾರ್ಟಿಗೆ ಹೋಯಿತು. ಸಂತೋಷ್ ಅಲ್ಲಿಯೇ ಮೇಸ್ತ್ರಿಯಾದ.

ಈಗ ಜೀಪು ಗದ್ದೆಯಂಚಿನ ಹೊಂಗೆಮರದ ಹತ್ತಿರ ನಿಧಾನವಾಗುತ್ತದೆ. ಒಬ್ಬನನ್ನು ಆನೆ ತುಳಿದದ್ದು ಇಲ್ಲೇ ಎಂದು ಸಂತೋಷ್ ಹೇಳುತ್ತಾನೆ. ಹೆಸರು ಹೇಳುವುದಿಲ್ಲ. ಅತಿಥಿಗಳು ಎದ್ದು ನಿಂತು ನೆಲ ನೋಡುತ್ತಾರೆ. ಒಂದು ಸಂಜೆ ಚಲುವಮ್ಮ ಸೌದೆ ಹೊತ್ತು ಅಲ್ಲೇ ನಿಂತಿದ್ದಳು. ಫೋಟೊಗೆ ಅಡ್ಡವಾಗುತ್ತದೆ, ಪಕ್ಕಕ್ಕೆ ಸರಿ ಎಂದರು. ಸರಿದಳು.

ಮತ್ತೆ ಮತ್ತೆ ಕಿತ್ತು ನೆಟ್ಟ ಪೈರು ಕುತ್ತಿಗೆ ಮುರಿದು ಹಳದಿಯಾಗುತ್ತದೆ. ಅದನ್ನು ತಿಪ್ಪೆಗೆ ಎಸೆಯಬೇಕು. ಚಲುವಮ್ಮ ಎಸೆಯಲಿಲ್ಲ. ಮಡಿಲಿಗೆ ತುಂಬಿಕೊಂಡು ಹೋಗಿ, ಹೊಂಗೆಮರದಾಚೆ ಅದೇ ಗದ್ದೆಯ ಬೀಳುಬಿದ್ದಿದ್ದ ಸಣ್ಣ ಮಡಿಯಲ್ಲಿ, ಪದ ಹೇಳದೆ ನೆಟ್ಟಳು. ಬದುಕಿಕೊಂಡಿತು. ಬೋರಯ್ಯನ ವರ್ಷದ ಎಡೆಗೆ ಅವನ ಮಣ್ಣಿನ ಅಕ್ಕಿಯದೇ ಒಂದು ಹಿಡಿ ಅನ್ನ ಇಡಬೇಕು ಎಂದು ಮಾವ ಹೊನ್ನಯ್ಯನಿಗೆ ಮಾತ್ರ ಹೇಳಿದ್ದಳು. ತೆನೆ ಹೊರಟು ಹಾಲುಗಟ್ಟುತ್ತಿದ್ದಾಗ ಮುದುಕ ಹೋಗಿ ನೋಡಿಕೊಂಡು ಬಂದ. ಹಾಲು ತುಂಬಿದ ಪೈರು ಬಸುರಿ ಇದ್ದ ಹಾಗೆ, ಅದರ ಹತ್ತಿರ ಕುಡುಗೋಲು ಹಿಡಿದು ಓಡಾಡಬೇಡ ಎಂದ.

ಒಂದು ಬೆಳಗ್ಗೆ ಮಡಿಯ ಅಂಚಿನಲ್ಲಿ ಮೊರದಗಲದ ಹೆಜ್ಜೆ ಬಿದ್ದಿತ್ತು. ಆನೆ ಒಂದು ಬಾಯಿ ಮೇದು ಹೋಗಿತ್ತು. ಹೆಜ್ಜೆ ನೋಡಲು ಬಂದ ಸಂತೋಷನ ಕಣ್ಣಿಗೆ ಪೈರೂ ಬಿತ್ತು. ಚಲುವಮ್ಮ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು. ಅವನು ನಕ್ಕ.

"ಭಲೇ ಕಣಮ್ಮಿ. ಡೀಸಲ್ ಸುಟ್ಕಂಡು ಕಾಡೆಲ್ಲ ಉಡುಕ್ತಿದ್ದೋ. ಇದೊಂದು ಮಡಿ ಸಾಕು, ಆನೇನೆ ಬಾಗ್ಲಿಗೆ ಬತ್ತದೆ."

ಇನ್ನು ಒಂದು ತೆನೆಯನ್ನೂ ಮುಟ್ಟಕೂಡದು ಎಂದ. ಶನಿವಾರ ರಾತ್ರಿ ಅತಿಥಿಗಳಿಗೆ ತಾರಸಿಯ ಮೇಲೆ ಕುರ್ಚಿ ಹಾಕುವುದು, ಆನೆ ಬಂದಾಗ ಬದುವಿನಿಂದ ಒಬ್ಬ ಬ್ಯಾಟರಿ ಬೆಳಕು ಬಿಡುವುದು ಎಂದು ನಿಂತಲ್ಲೇ ಗೊತ್ತುಮಾಡಿ, ಜೊತೆಗೆ ಬಂದಿದ್ದ ಹೊನ್ನಯ್ಯನ ಕಡೆ ತಿರುಗಿದ.

"ಲೋ ಒನ್ನ, ನೀನು ಕೂರ್ತೀಯ ಕಣ್ಲಾ. ಅದ್ರ ಮೊಕದ ಮ್ಯಾಲೇ ಬುಡು. ಓಡಬ್ಯಾಡ, ನೀನು ಓಡುದ್ರೆ ಅದೂ ಓಯ್ತದೆ."

"ಆಯ್ತು ಬುದ್ಧಿ," ಎಂದ ಹೊನ್ನಯ್ಯ. ಸಂತೋಷನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದವನು ಅವನೇ.

ಆಗಲ್ಲ ಎಂದುಬಿಡು ಮಾವ ಎಂದು ಚಲುವಮ್ಮ ಮನೆಯಲ್ಲಿ ಕೇಳಿಕೊಂಡಳು. ಆಗಲ್ಲ ಎಂದರೆ ನಾಳೆ ಇಬ್ಬರಿಗೂ ಕೆಲಸವಿಲ್ಲ ಎಂದ ಮುದುಕ. ಬೀಡಿ ಹಚ್ಚಿದ.

"ಮಗನ್ನ ಕಂಡದೆ. ಅಪ್ಪನ್ನೂ ಕಾಣ್ಲಿ ಬುಡವ್ವ."

ಶನಿವಾರ ಮಧ್ಯಾಹ್ನ ಹೊಸ ತಂಡ ಗದ್ದೆಗಿಳಿದಿತ್ತು. ಪದ ನಡುವಿನಲ್ಲಿತ್ತು. ಚಲುವಮ್ಮ ಸಾಲು ಬಿಟ್ಟು ಎದ್ದು ಕುಡುಗೋಲು ಹಿಡಿದು ಹೊಂಗೆಮರದಾಚೆ ಹೋದಳು. ಮೊದಲ ಬುಡ ಹಿಡಿದಾಗ ಕೈ ನಿಂತಿತು. ಆಮೇಲೆ ಎಳೆದಳು. ಎಳೆ ಕಾಳು ಹಿಡಿತಕ್ಕೆ ಒಡೆದು ಬೆರಳ ಸಂದಿಯಲ್ಲಿ ಹಾಲು ಇಳಿಯಿತು.

ಸಂತೋಷ್ ಬದುವಿನ ಮೇಲೆ ಓಡಿ ಬಂದ. "ಬುಡೇ ಬೋಸುಡಿ, ಬಿಸಾಕೇ ಕುಡ್ಲ," ಎಂದು ಹಲ್ಲು ಕಡಿದ. ಅಷ್ಟರಲ್ಲಿ ಅತಿಥಿಗಳು ಅವನ ಬೆನ್ನ ಹಿಂದೆಯೇ ಬಂದಿದ್ದರು. ಅವನು ನಗಬೇಕಾಯಿತು. ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಅವರು ಮೊಬೈಲು ಎತ್ತಿ ಹಿಡಿದರು. ಪ್ಯಾಂಟು ಮಡಿಸಿಕೊಂಡಿದ್ದ ಹೆಂಗಸೊಬ್ಬಳು ಮಡಿಗಿಳಿದು, ಇದು ಕೊಯ್ಲಲ್ಲವೇ, ಇದಕ್ಕೆ ಯಾವ ಹಾಡು ಹಾಡುತ್ತೀರಿ ಎಂದು ಕೇಳಿದಳು.

ಚಲುವಮ್ಮ ಬೆನ್ನೆತ್ತಲಿಲ್ಲ.

"ಇದ್ಕೆ ಪದ ಇಲ್ಲ ಕಣವ್ವ."

ಮಣಿಕಟ್ಟಿನವರೆಗೆ ಹಾಲು ಅಂಟಿ ನೊಣ ಮುತ್ತತೊಡಗಿದ್ದವು. ಬೆಳಗ್ಗೆಯೇ ಕೊಟ್ಟಿದ್ದ ಬ್ಯಾಟರಿ ಹಿಡಿದು ಹೊನ್ನಯ್ಯ ಬದುವಿನ ಮೇಲೆ ನಿಂತಿದ್ದ. ಸಂತೋಷನನ್ನು ಒಮ್ಮೆ ನೋಡಿದ. ಬ್ಯಾಟರಿಯನ್ನು ಅವನ ಕಾಲ ಬಳಿ ಇಟ್ಟು ಮಡಿಗಿಳಿದ. ಸೊಸೆ ಕೊಯ್ದು ಹಾಕಿದ ಹಸಿ ಪೈರನ್ನು ಹಿಡಿ ಹಿಡಿಯಾಗಿ ಎತ್ತಿ, ಮಗನನ್ನು ಮಣ್ಣಿಗಿಟ್ಟಾಗ ಮಾಡಿದಂತೆ ತೆನೆಯ ತಲೆಯನ್ನು ತೆಂಕಲಿಗೆ ಮಾಡಿ, ಬದುವಿನುದ್ದಕ್ಕೂ ಮಲಗಿಸತೊಡಗಿದ.