ಹೊರಕ್ಕೆ ತೆರೆಯುವ ಬಾಗಿಲು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ನಡುವೆ ಎದ್ದು ಹೋಗಬೇಡಿ. ನಮ್ಮ ಸೋದರತ್ತೆ ಇದೇ ಸಂಗತಿಯನ್ನು ತನ್ನ ಮೂಗಿನ ನೇರಕ್ಕೆ ಹೇಳಿಕೊಂಡು ತಿರುಗುತ್ತಿದ್ದಾಳೆ. ಅದು ನಿಮ್ಮ ಕಿವಿಗೆ ಬೀಳುವ ಮೊದಲು ನಾನು ಹೇಳಿಬಿಡಬೇಕು.

ಅಪ್ಪ ಬಡಗಿ. ತಾತನೂ ಬಡಗಿ. ಒಂದು ಕಾಲಕ್ಕೆ ಎಲ್ಲರೂ ರಾಜಧಾನಿಯಲ್ಲೇ ಇದ್ದರು. ಅಪ್ಪ ಸ್ವಂತವಾಗಿ ಮಾಡಿದ ಮೊದಲ ಕೆಲಸ ಅಲ್ಲಿನ ಮನೆಯ ಬೀದಿಬಾಗಿಲು. ಬಾಗಿಲೇನೋ ಸೊಗಸಾಗಿತ್ತು, ಆದರೆ ಚೌಕಟ್ಟನ್ನು ಹಿಂದುಮುಂದಾಗಿ ನಿಲ್ಲಿಸಿಬಿಟ್ಟಿದ್ದ. ಒಳಕ್ಕೆ ತೆರೆಯಬೇಕಾದದ್ದು ಬೀದಿಗೆ ತೆರೆಯಿತು, ಮೊದಲ ದಿನವೇ ಅಂಚೆಯವನ ಮೂಗಿಗೆ ಬಡಿಯಿತು. ಕಿತ್ತು ಸರಿಮಾಡುತ್ತೇನೆಂದರೆ ತಾತ ಬಿಡಲಿಲ್ಲ. ಮೊದಲ ಕೆಲಸದ ತಪ್ಪನ್ನು ತಿದ್ದಬಾರದು, ಅದು ದಿನಾ ಕಣ್ಣಿಗೆ ಬೀಳುತ್ತಿರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಅಪ್ಪ ಚಿಲಕವನ್ನಷ್ಟೇ ಇನ್ನೊಂದು ಬದಿಗೆ ಹಾಕಿ, ಹಳೆಯ ತೂತಿಗೆ ಬೇರೆ ಬಣ್ಣದ ಮರದ ಬಿರಡೆ ಹೊಡೆದ. ಬೀದಿಯವರು ಅವನಿಗೆ ‘ಮೂಗುಬಾಗಿಲು’ ಎಂದು ಹೆಸರಿಟ್ಟರು. ಮನೆ ಮಾರಿ ಸಣ್ಣ ಊರಿಗೆ ಬಂದ ಮೇಲೆ ಅಪ್ಪ ಆ ಕಡೆ ತಲೆ ಹಾಕಿಯೂ ಮಲಗಿಲ್ಲ.

ಈಗ ಅಪ್ಪ ತನಗೊಂದು ಮನೆ ಕಟ್ಟಿಕೊಳ್ಳುತ್ತಿದ್ದಾನೆ. ಬೀದಿಬಾಗಿಲ ಜಾಗ ಮಾತ್ರ ಖಾಲಿ. ಕೇಳಿದರೆ, “ಮರ ಸಿಕ್ಕಿಲ್ಲ” ಅನ್ನುತ್ತಾನೆ. ಊರಿಗೆಲ್ಲ ಬಾಗಿಲು ಮಾಡುವವನಿಗೆ ಮರ ಸಿಕ್ಕಿಲ್ಲವಂತೆ. ಅತ್ತೆ ಹೋಗಿ ಆ ಖಾಲಿ ಜಾಗಕ್ಕೆ ಟೇಪು ಹಿಡಿದಳು. ಹಳೇ ಬಾಗಿಲಿನ ಅಳತೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ರಾಜಧಾನಿಯಲ್ಲಿ ರಸ್ತೆ ಅಗಲ ಮಾಡಲು ಹಳೇ ಬೀದಿ ಒಡೆಯುತ್ತಿದ್ದಾರೆಂಬ ಸುದ್ದಿ ಬಂದದ್ದೇ ತಡ, ಅತ್ತೆ ಟೊಂಕ ಕಟ್ಟಿದಳು.

“ಅಣ್ಣ ಬಾಯಿಬಿಟ್ಟು ಕೇಳಲ್ಲ. ಆ ಬಾಗಿಲು ತರದೆ ನಾನು ವಾಪಸ್ ಬರಲ್ಲ. ಲೇ ಪುಟ್ಟಿ, ನೀನೂ ಹೊರಡು. ನಿಂಗೆ ಊರು ನೋಡೋ ಚಪಲ, ನಂಗೆ ಚೀಲ ಹೊರೋಕೆ ಜನ ಬೇಕು.”

ರಾಜಧಾನಿಗೆ ನಾನು ಹೋದದ್ದು ಅದೇ ಮೊದಲು. ಬಸ್ಸಿಳಿದ ಕೂಡಲೇ ಬಾಯಿತುಂಬ ಸಿಮೆಂಟಿನ ಧೂಳು. ಎಲ್ಲಿ ನೋಡಿದರೂ ಕ್ರೇನು, ತಗಡಿನ ಬೇಲಿ, ಅಗೆದು ಬಿಟ್ಟ ಫುಟ್‌ಪಾತು. ಮೇಲ್ಸೇತುವೆಯ ಕೆಳಗೊಬ್ಬ ಕ್ಷೌರಿಕ ಕಂಬಕ್ಕೇ ಕನ್ನಡಿ ನೇತುಹಾಕಿದ್ದ. ಮೇಲೆ ಲಾರಿ ಹೋದಾಗಲೆಲ್ಲ ಕನ್ನಡಿ ನಡುಗುತ್ತಿತ್ತು. ಅಷ್ಟು ಹೊತ್ತು ಅವನು ಕತ್ತಿಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದ, ಗಿರಾಕಿ ಉಸಿರು ಬಿಗಿಹಿಡಿದಿದ್ದ. ನನಗಂತೂ ಎರಡು ಕಣ್ಣು ಸಾಲಲಿಲ್ಲ.

“ಬಾಯಿ ಮುಚ್ಕೊಂಡು ನಡಿ, ಧೂಳೆಲ್ಲ ನಿನ್ನ ಹೊಟ್ಟೇಲೇ ಇದೆ,” ಅಂದಳು ಅತ್ತೆ.

ಮನೆಯಿದ್ದ ಜಾಗದಲ್ಲಿ ಇಟ್ಟಿಗೆ ರಾಶಿ. ಬಾಗಿಲು ಕಿಟಕಿಗಳೆಲ್ಲ ಹಳೇಮರದ ಅಂಗಡಿಗೆ ಹೋದವು ಎಂದ ಕಾವಲುಗಾರ. ಆ ಅಂಗಡಿಯಲ್ಲಿ ಮನೆ ಕಳಕೊಂಡ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ನಮ್ಮದು ಇರಲಿಲ್ಲ.

“ಹೊರಗಡೆ ತೆಗೆಯೋದಾ?” ಅಂಗಡಿಯವನು ನಕ್ಕ. “ಅದನ್ನ ಚೌಕಟ್ಟಿನ ಸಮೇತ ಹೊತ್ಕೊಂಡು ಹೋದ್ರು. ಹಿಂದಿನ ಓಣೀಲಿ ಹೊಲಿಗೆ ಕಾರ್ಖಾನೆ ಇದೆ, ಅಲ್ಲಿ ನೋಡಿ.”

ಅಲ್ಲೇ ಇತ್ತು. ಅತ್ತೆ ಆ ಬೇರೆ ಬಣ್ಣದ ಬಿರಡೆಯ ಮೇಲೆ ಹೆಬ್ಬೆರಳಾಡಿಸಿದಳು. ನಮ್ಮ ಕಥೆ ಕೇಳಿ ಮಾಲೀಕ ಧಾರಾಳವಾಗಿ ಕೈಬೀಸಿದ.

“ಕಿತ್ಕೊಂಡು ಹೋಗಿ ಅಮ್ಮ. ನಂಗೂ ಗಾಜಿನ ಬಾಗಿಲು ಹಾಕಿಸೋ ಆಸೆ. ಅದು ಬರೋವರೆಗೂ ಶಟರ್ ಎಳ್ಕೊಂಡ್ರಾಯ್ತು.”

ಹೊಲಿಗೆ ಯಂತ್ರವೊಂದು ಗಕ್ಕನೆ ನಿಂತಿತು. ಅಲ್ಲಿನ ಹಿರಿಯ ಹೊಲಿಗೆಯಾಕೆ ಎದ್ದು ಬಂದಳು.

“ಆ ಶಟರ್ ಅರ್ಧಕ್ಕೇ ಸಿಕ್ಕಾಕೊಳ್ಳುತ್ತೆ ಅಂತ ನಿಮಗೂ ಗೊತ್ತು ಸಾರ್,” ಅಂದು ನಮ್ಮ ಕಡೆ ತಿರುಗಿದಳು. “ನಮ್ಮ ಹಳೇ ಜಾಗದಲ್ಲಿ ಒಳಗಡೆ ತೆಗೆಯೋ ಬಾಗಿಲು. ವೈರು ಸುಟ್ಟು ಹೊಗೆ ತುಂಬ್ಕೊಂಡಾಗ ಎಲ್ಲರೂ ಹೋಗಿ ಅದರ ಮೇಲೆ ಬಿದ್ವಿ. ಬಾಗಿಲನ್ನ ಒಳಗೆ ಎಳೀಬೇಕು, ಹಿಂದಿನವರು ನಮ್ಮನ್ನ ಅದಕ್ಕೇ ಒತ್ತುತಿದ್ದಾರೆ. ಹೇಗೆ ಎಳೀತೀರ? ಹೊರಗಿನವರು ಕಿಟಕಿ ಒಡೆದಿದ್ದಕ್ಕೆ ಬದುಕಿದ್ವಿ.” ಅವಳ ಅಂಗೈಯ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. “ಈ ಬಾಗಿಲನ್ನ ಅಂಗಡೀಲಿ ಹುಡುಕಿ ಹಿಡಿದಿದ್ದು ನಾನೇ. ತಳ್ಳಿದ್ರೆ ಸಾಕು, ಬೀದಿ.”

ಅತ್ತೆ ನೆಲ ನೋಡಿದಳು. ಆಮೇಲೆ ಗಟ್ಟಿ ಮನಸ್ಸು ಮಾಡಿ, “ಅವರ ಪಾಡು ಅವರದು. ಟೆಂಪೋ ಕರಿ ಪುಟ್ಟಿ,” ಅಂದಳು.

ನಾನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. “ಕರೆಯಲ್ಲ. ಇದನ್ನ ಕೀಳೋದಾದ್ರೆ ಅಪ್ಪನೇ ಬಂದು ಕೀಳ್ಲಿ. ಇಂಥದ್ದೇ ಇನ್ನೊಂದು ಮಾಡ್ಕೊಂಡು ಬಂದು, ಅದನ್ನ ಕೂರಿಸಿ, ಇದನ್ನ ತಗೊಂಡು ಹೋಗ್ಲಿ.”

“ಅವನು ಈ ಊರಿಗೆ ಬರೋದೂ ಒಂದೇ, ಎಮ್ಮೆ ಮರ ಹತ್ತೋದೂ ಒಂದೇ.”

“ಹತ್ತುತ್ತೋ ಇಲ್ವೋ ನೋಡೋಣ.”

“ಕೈಗೆ ಬಂದ ತುತ್ತು ಕಣೇ ಇದು.”

“ಮಧ್ಯದಲ್ಲಿ ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡ್ತೀನಿ, ಆಮೇಲೆ ನನ್ನ ಅನ್ನಬೇಡಿ,” ಎಂದ ಮಾಲೀಕ. “ಮುಂದಿನ ವರ್ಷ ಈ ಓಣಿನೇ ಇರುತ್ತೋ ಇಲ್ವೋ.”

“ಕೇಳೋರು ನನ್ನ ದಾಟ್ಕೊಂಡು ಬರ್ಲಿ,” ಅಂದಳು ಹೊಲಿಗೆಯಾಕೆ.

ಅಲ್ಲಿಂದಲೇ ಅಪ್ಪನಿಗೆ ಫೋನು ಹಚ್ಚಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಬಾಗಿಲು ಸಿಕ್ಕಿದೆ, ಆದರೆ ತರುತ್ತಿಲ್ಲ, ಬೇಕಾದರೆ ನೀನೇ ಬಾ. ಆ ಕಡೆ ಮರ ಹೆರೆಯುತ್ತಿದ್ದ ಹತ್ತರಿಯ ಸದ್ದು ನಿಂತಿತು.

“ಯಾರ ಮೂಗಿಗಾದ್ರೂ ಬಡೀತಾ?”

“ಅಂಗಿ ಗುಂಡಿ ತಂದುಕೊಡೋನಿಗೆ ಬಡೀತಂತೆ.”

ಹತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

“ಗೋಡೆ ಇಟ್ಟಿಗೇದಾ, ಕಾಂಕ್ರೀಟಾ?” ಎಂದ ಅಪ್ಪ.

ನಾನು ತಿರುಗಿ ನೋಡುವಷ್ಟರಲ್ಲಿ, ಅವನ ಮಾತು ಕೇಳಿಸಿಕೊಂಡಿದ್ದ ಅತ್ತೆ, ಮುಖ ಇನ್ನೂ ಊದಿಸಿಕೊಂಡೇ, ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು.

“ಇಟ್ಟಿಗೆ ಅನ್ನು,” ಅಂದಳು.

ಅಪ್ಪ “ಹ್ಞೂಂ” ಅಂದು ಫೋನಿಟ್ಟ.

ಈಗಲೂ ನಮ್ಮ ಹೊಸ ಮನೆಯ ಬೀದಿಬಾಗಿಲಿಗೆ ಟಾರ್ಪಾಲು ಕಟ್ಟಿದೆ. ಅಪ್ಪನ ಕೆಲಸದ ಮೇಜಿನ ಮೇಲೆ ಅಗಲವಾದ ಹಲಗೆಗಳು ಬಂದು ಕೂತಿವೆ. ಯಾರಿಗೆಂದು ಅವನು ಹೇಳಿಲ್ಲ, ನಾನು ಕೇಳಿಲ್ಲ. ಆ ಓಣಿಗೆ ಬುಲ್ಡೋಜರ್ ಮೊದಲು ಹೋಗುತ್ತದೋ ಅಪ್ಪ ಮೊದಲು ಹೋಗುತ್ತಾನೋ ಗೊತ್ತಿಲ್ಲ. ಅತ್ತೆ ಮಾತ್ರ ಕಂಡಕಂಡವರಿಗೆಲ್ಲ, “ತಂದಿದ್ರೆ ಇಷ್ಟೊತ್ತಿಗೆ ಅಣ್ಣನ ಮನೆಗೊಂದು ಬಾಗಿಲಿರ್ತಿತ್ತು, ಈ ಮೂದೇವಿ ಬಿಟ್ಟು ಬಂದ್ಲು” ಅನ್ನುತ್ತಿದ್ದಾಳೆ.

ನೀವೇ ಹೇಳಿ, ಆವತ್ತು ಆ ಬಾಗಿಲ ಮುಂದೆ ನಿಂತಿದ್ದವರು ನೀವಾಗಿದ್ದರೆ ಟೆಂಪೋ ಕರೆಯುತ್ತಿದ್ದಿರಾ?