ಗುಬ್ಬಿ ಮೈಕು ಹಿಡಿದದ್ದು

ಡಾಲ್ಫಿನ್ ತೋರಿಸುವ ಆ ದೋಣಿಯಲ್ಲಿ ಮಾವ ಮುಂದುಗಡೆ ಮೈಕು ಹಿಡಿದು ಮಾತಾಡುವರು, ಅತ್ತೆ ಹಿಂದುಗಡೆ ಚುಕ್ಕಾಣಿ ಹಿಡಿಯುವರು. ಗುಬ್ಬಿ ಮಾವನ ಬೆನ್ನಿಗೆ ಅಂಟಿಕೊಂಡಂತೆ ಕೂತಿರುವಳು. ಮಾವನ ತಂಗಿಯ ಮಗಳು ಅವಳು. ಡಿಗ್ರಿ ಮುಗಿಸಿ, ನೋಡಬಂದವರಿಗೆ ಲೈಫ್ ಜಾಕೆಟ್ ತೊಡಿಸುವ ಕೆಲಸಕ್ಕೆ ಸೇರಿಕೊಂಡಿದ್ದಳು. ಅಪರಿಚಿತರನ್ನು ಕಂಡರೆ ನಾಲಿಗೆ ಒಣಗುವ ಹುಡುಗಿಗೆ ಅದಕ್ಕಿಂತ ಹಿತವಾದ ಕೆಲಸ ಸಿಗುವಂತಿರಲಿಲ್ಲ; ಮಾತೆಲ್ಲ ಮಾವನದೇ.

ಮಾವನ ಬಾಯಿಯೂ ಅಂಥದ್ದೇ. ಬಂಡೆಯ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆಯನ್ನು ತೋರಿಸಿ, "ನೋಡಿ, ಬಟ್ಟೆ ಒಣಗಿಸ್ತಾ ನಿಂತಿದಾನೆ ಪಾಪ. ಹೆಂಡತಿ ಜೋರು!" ಎನ್ನುವರು.

"ಹೆಂಡತಿ ಜೋರಿಲ್ದಿದ್ರೆ ಈ ದೋಣಿ ಯಾವತ್ತೋ ಆ ಬಂಡೆಗೆ ಬಡೀತಿತ್ತು!" ಎಂದು ಹಿಂದಿನಿಂದ ಅತ್ತೆ ಕೂಗುವರು. ಜನ ಹೊಟ್ಟೆ ಹಿಡಿದುಕೊಂಡು ನಗುವರು.

ಮಾವನ ಕಣ್ಣಿಗೆ ಪೊರೆ ಬಂದದ್ದು ಗುಬ್ಬಿಗೆ ಗೊತ್ತಾದದ್ದು ಮಳೆಗಾಲ ಕಳೆದು ದೋಣಿ ಮತ್ತೆ ನೀರಿಗಿಳಿದಾಗ. ಅವರು ಖಾಲಿ ಬಂಡೆಗೆ ಕೈಮಾಡಿ "ಕಡಲ ಹದ್ದು!" ಎಂದರು. ಹದ್ದು ಎಡಗಡೆಯ ಮರದ ಮೇಲಿತ್ತು. ಅವಳು ಸದ್ದಿಲ್ಲದೆ ಅವರ ಎಡಭುಜ ಒತ್ತಿದಳು. ಮಾವ ಸರಕ್ಕನೆ ಎಡಕ್ಕೆ ತಿರುಗಿ, "ಹಾರಿಬಿಡ್ತು ನೋಡಿ, ಈಗ ಅಲ್ಲಿದೆ" ಎಂದು ಮಾತು ತೇಲಿಸಿಬಿಟ್ಟರು. ಅಂದಿನಿಂದ ಅದೇ ರೂಢಿಯಾಯಿತು. ಹತ್ತಿರವಿದ್ದರೆ ಬೆರಳು, ದೂರವಿದ್ದರೆ ಅಂಗೈ. ಅದರ ಬಗ್ಗೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಮಾವನ ಮೇಲಿನ ಅಕ್ಕರೆಗೆ ಹೀಗೆ ಮಾಡುತ್ತಿದ್ದೇನೆ ಎಂದು ಗುಬ್ಬಿ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಮಾವ ಆಪರೇಷನ್ನಿಗೆ ಹೋದರೆ ಮುಂದುಗಡೆ ನಿಲ್ಲುವವರು ಯಾರು? ಅತ್ತೆ ಚುಕ್ಕಾಣಿ ಬಿಡುವಂತಿಲ್ಲ. ಉಳಿದವಳು ತಾನೇ. ಮೈಕು ತನ್ನ ಕೈಗೆ ಬರುವುದನ್ನು ನೆನೆಸಿಕೊಂಡರೇ ಅವಳು ಮಾವನ ಬೆನ್ನಿಗೆ ಇನ್ನಷ್ಟು ಅಂಟಿಕೊಳ್ಳುವಳು.

ಒಂದು ದಿನ ದಪ್ಪನೆಯ ಅಜ್ಜಿಯೊಬ್ಬರು ದೋಣಿ ಹತ್ತಿದರು. "ಮಗಾ, ಹಿಂದೆ ಕೂತ್ರೆ ನಂಗೆ ವಾಂತಿ ಬರತ್ತೆ, ನಿನ್ನ ಜಾಗ ಕೊಡು" ಎಂದರು. ಆಗುವುದಿಲ್ಲ ಎನ್ನಲು ಗುಬ್ಬಿಗೆ ಬಾಯಿ ಬರಲಿಲ್ಲ. ಎದ್ದು ಅತ್ತೆಯ ಪಕ್ಕಕ್ಕೆ ಹೋದಳು. ನದಿ ಕಡಲು ಸೇರುವ, ಡಾಲ್ಫಿನ್ ಕಾಣಿಸುವ ಅಳಿವೆಯ ಬಾಯಿ ಬಂದಾಗ ಮಾವ ಭುಜ ಅಲುಗಿಸಿದರು, ಕಾದರು. ಯಾರ ಕೈಯೂ ಬರಲಿಲ್ಲ. ಕೊನೆಗೆ ನೀರಲ್ಲಿ ತೇಲುತ್ತಿದ್ದ ಕಪ್ಪನೆಯದೊಂದರತ್ತ ಬೆರಳು ಚಾಚಿದರು.

"ಅಗೋ, ಡಾಲ್ಫಿನ್! ತಾಯಿ ಇರಬೇಕು, ಎಷ್ಟು ಶಾಂತ ನೋಡಿ!"

"ಏನಪ್ಪಾ," ಎಂದರು ಅಜ್ಜಿ, "ನಿಮ್ಮೂರ ಡಾಲ್ಫಿನ್ನಿಗೆ ಮುಚ್ಚಳ ಇರತ್ತಾ?"

ಅದೊಂದು ಪ್ಲಾಸ್ಟಿಕ್ ಡ್ರಮ್ಮು. ದೋಣಿಯೇ ಅಲುಗುವಷ್ಟು ನಗು. ಮಾವನೂ ನಕ್ಕರು, ಆದರೆ ಚಾಚಿದ ಕೈಯನ್ನು ಇಳಿಸಲು ಮರೆತರು. ಅದೇ ಹೊತ್ತಿಗೆ ಬಲಗಡೆ ನಿಜವಾದ ಬೆನ್ನೊಂದು ಮೇಲೆದ್ದು ಮುಳುಗಿತು. ಗುಬ್ಬಿ ಕಂಡಳು. ಒತ್ತಲು ಕೈ ಎತ್ತಿದಳು; ಮಾವನ ಭುಜ ದೋಣಿಯ ಆ ತುದಿಯಲ್ಲಿತ್ತು. ಬೇರೆ ಯಾರೂ ನೋಡಲಿಲ್ಲ.

ಜನ ಇಳಿದುಹೋದ ಮೇಲೆ ದೋಣಿ ತೊಳೆಯುತ್ತ ಅತ್ತೆ ಕೇಳಿದರು, "ಇನ್ನೂ ಎಷ್ಟು ದಿನ ಭುಜ ಒತ್ತಬೇಕು ಅಂತಿದೀಯೇ?"

ಗುಬ್ಬಿ ಬಕೆಟ್ಟು ಕೆಳಗಿಟ್ಟಳು. "ನಿಮಗೆ ಗೊತ್ತಿತ್ತಾ ಅತ್ತೆ?"

"ಇವ್ರ ಬಲಗಣ್ಣು ಸ್ವಲ್ಪ ವಾಸಿ ಅಂತ ನಾನು ದೋಣೀನೇ ತಿರುಗಿಸಿ ತಿರುಗಿಸಿ ನಿಲ್ಲಿಸ್ತಿದೀನಿ. ಸುಟ್ಟ ಡೀಸೆಲ್ಲು ನಂಗೊಬ್ಬಳಿಗೇ ಗೊತ್ತು."

"ಅಂದ್ರೆ ಇಬ್ರೂ ಸೇರಿ ನನ್ನನ್ನ ಎತ್ತಿನ ಥರ ಹೊಡೀತಿದ್ರಾ?" ಎಂದರು ದೋಣಿಯ ಮುಂದುಗಡೆಯಿಂದ ಮಾವ.

"ಎತ್ತಾಗಿದ್ರೆ ಹೇಳಿದ್ದು ಕೇಳ್ತಿತ್ತು. ಆಸ್ಪತ್ರೆಗೆ ಹೋಗಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

"ನಾನು ಹೋದ್ರೆ ಇಲ್ಲಿ ಮಾತಾಡೋರು ಯಾರೇ? ಗುಬ್ಬೀನಾ? ಅವಳು ಬಾಯಿ ಬಿಡೋ ಹೊತ್ತಿಗೆ ಡಾಲ್ಫಿನ್ ಮೊಮ್ಮಕ್ಕಳನ್ನ ಕಂಡಿರತ್ತೆ!"

ಹಾಗೆಂದು ನಗುತ್ತಲೇ ಅವರು ದೋಣಿ ಕಟ್ಟುವ ಹಗ್ಗಕ್ಕಾಗಿ ತಡಕಾಡಿದರು. ಹಗ್ಗ ಅವರ ಕಾಲಬುಡದಲ್ಲೇ ಬಿದ್ದಿತ್ತು. ಗುಬ್ಬಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ನಾನು ಮಾತಾಡ್ತೀನಿ," ಎಂದಳು.

"ಏನಂದೆ?"

"ಮಾತಾಡ್ತೀನಿ ಅಂದೆ. ನೀವು ಹೋಗಿ ಕಣ್ಣು ಮಾಡಿಸ್ಕೊಂಡು ಬನ್ನಿ ಮಾವ."

ಆಪರೇಷನ್ ಆಗಿ ಮಾವ ಮನೆಯಲ್ಲುಳಿದ ಮೊದಲ ದಿನ ಗುಬ್ಬಿ ಅವರ ತಮಾಷೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋದಳು. ಮೈಕು ಹಿಡಿದದ್ದೇ ಎಲ್ಲ ಮರೆತುಹೋಯಿತು. "ಇದು ನೀರುಕಾಗೆ," ಎಂದಳು. ಬಹಳ ಹೊತ್ತಿನ ಮೇಲೆ, "ರೆಕ್ಕೆ ಒಣಗಿಸ್ಕೊಳ್ತಿದೆ," ಎಂದಳು. ಯಾರೂ ನಗಲಿಲ್ಲ. ಅಳಿವೆಯ ಬಾಯಿಗೆ ಬಂದಾಗ ಹೇಳಲು ಏನೂ ಉಳಿದಿರಲಿಲ್ಲ. ಇಂಜಿನ್ ಆರಿಸುವಂತೆ ಅತ್ತೆಗೆ ಸನ್ನೆ ಮಾಡಿದಳು.

ದೋಣಿ ಸುಮ್ಮನಾಯಿತು. ಜನವೂ ಸುಮ್ಮನಾದರು. ಆಗ ಬಲಗಡೆ, ತೀರಾ ಹತ್ತಿರದಲ್ಲಿ, ಯಾರೋ ದಣಿದು ಉಸಿರು ಬಿಟ್ಟಂತೆ ಸದ್ದಾಯಿತು. ಹಿಂದೆಯೇ ಇನ್ನೊಂದು, ಪುಟ್ಟದು. ನೀರಿನಿಂದ ದೊಡ್ಡ ಬೆನ್ನೊಂದು, ಚಿಕ್ಕ ಬೆನ್ನೊಂದು ಎದ್ದವು.

"ಉಸಿರಾಡ್ತಿದಾವೆ," ಎಂದು ಗುಬ್ಬಿ ಮೈಕಿನಲ್ಲಿ ಪಿಸುಗುಟ್ಟಿದಳು.

"ಕೇಳಿಸ್ತು," ಎಂದು ಕೊನೆಯ ಸಾಲಿನಿಂದ ಯಾರೋ ಪಿಸುಮಾತಿನಲ್ಲೇ ಉತ್ತರಿಸಿದರು.

ಮನೆಯಲ್ಲಿ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಮೂಲೆಗೆ ಕೂರಿಸಿದ ಮಗುವಿನಂತೆ ಚಡಪಡಿಸುತ್ತಿದ್ದರು. "ಜನ ನಕ್ರಾ?"

"ಇಲ್ಲ."

"ಅಯ್ಯೋ ಶಿವನೇ!"

ಗುಬ್ಬಿ ನಡೆದದ್ದನ್ನೆಲ್ಲ ಹೇಳಿದಳು. ಮಾವ ನಂಬಲಿಲ್ಲ. "ಇಷ್ಟು ವರ್ಷ ಅದೇ ನೀರಲ್ಲಿದೀನಿ. ನಂಗೆ ಕೇಳಿಸಿಲ್ವಲ್ಲ?"

"ಮಾತಿನ ಮಧ್ಯೆ ನೀವು ಉಸಿರು ಬಿಟ್ಟಿದ್ರೆ ತಾನೇ ಅದರ ಉಸಿರು ಕೇಳೋದು!" ಎಂದರು ಅತ್ತೆ.

ಮಾವ ಕುರ್ಚಿಯನ್ನು ಗುಬ್ಬಿಯ ಹತ್ತಿರಕ್ಕೆ ಎಳೆದುಕೊಂಡರು.

"ಹೇಗಿತ್ತೇ ಸದ್ದು? ಮಾಡಿ ತೋರಿಸು."

ಗುಬ್ಬಿ ಕೆನ್ನೆ ಉಬ್ಬಿಸಿ ಉಸಿರು ಬಿಟ್ಟಳು. ಮಾವ ಕತ್ತು ವಾಲಿಸಿ ಕೇಳಿದರು.

"ಮರೀದು?"