ಎಡಭುಜದ ನೀಲಿ

ಬೆಟ್ಟದ ನೆತ್ತಿಯ ಮೇಲೆ ಫಿರಂಗಿಯ ಬಾಯಿಗೆ ಬೆಳಗಿನ ಬಿಸಿಲು ತಾಗಿತು, ಇಬ್ಬನಿಯ ಒಂದು ಹನಿ ಅದರ ತುಟಿಯಿಂದ ಜಾರಿತು, ಕೋಟೆಯ ಕಿಟಕಿಯಲ್ಲಿ ಕುಳಿತ ಮೇಜರ್ ಹೆಜಕಾಯ ತ್ರೂಪ್ ಅದನ್ನು ಕಂಡು ತನ್ನಷ್ಟಕ್ಕೆ ತಲೆದೂಗಿದ — ನಿಂತಿದೆ, ತಾನು ನಿಲ್ಲಿಸಿದಲ್ಲೇ ನಿಂತಿದೆ, ಅಂದು ಇಂಗ್ಲಿಷರ ಮೇಲಿನ ಯುದ್ಧದ ಎರಡನೆಯ ಚಳಿಗಾಲ, ಹಡ್ಸನ್ ನದಿ ಬಂಡೆಯಂತೆ ಹೆಪ್ಪುಗಟ್ಟಿತ್ತು, ಆಗ ಅವನು ಬರಿಯ ಕ್ಯಾಪ್ಟನ್, ಅರ್ಧ ಏರಿನಲ್ಲಿ ಫಿರಂಗಿ ಎಳೆಯುತ್ತಿದ್ದ ಎತ್ತುಗಳು ಮಂಡಿಯೂರಿ ಏಳಲೊಲ್ಲೆವೆಂದವು, ನೊಗ ಕಳಚಿ ಮನುಷ್ಯರೇ ಹಗ್ಗಕ್ಕೆ ಹೆಗಲು ಕೊಟ್ಟರು, ಮೊದಲ ಹೆಗಲು ಅವನದು, ಎಡದ್ದು, ಹಗ್ಗ ಜಾರಿ ಅಂಗಿ ಸುಟ್ಟಿತು, ಚರ್ಮ ಸುಟ್ಟಿತು, ಬಿಟ್ಟನೇ? ಬಿಡಲಿಲ್ಲ, ಬಿಟ್ಟಿದ್ದರೆ ಫಿರಂಗಿಯ ಕೆಳಗಿದ್ದ ಸಾರ್ಜಂಟ್ ಓಬೆಡ್ ರಸ್ಕ್ ಈಗ ಅಂಗಳದಲ್ಲಿ ನಿಂತು ಅಡುಗೆಯವನನ್ನು ಹೀಗೆ ಬೈಯುತ್ತಿರಲಿಲ್ಲ, ಏನಯ್ಯಾ ಗಂಜಿ ಇದು, ನದೀ ನೀರಿಗೆ ಜೋಳದ ನೆರಳು ತೋರ್ಸಿದೀಯಾ — ಬೈಯಲಿ, ಬೈಯುವ ಗಂಟಲು ಬದುಕಿದೆ, ಆ ಏರಿಗಾಗಿಯೇ ಸೈನ್ಯ ಅವನನ್ನು ಮೇಜರ್ ಮಾಡಿತು, ಕ್ಯಾಪ್ಟನ್ನನಿಗೆ ಹುದ್ದೆಯ ಜರಿಕುಚ್ಚು ಹೊಳೆಯುವುದು ಬಲಭುಜವೊಂದರಲ್ಲೇ, ಮೇಜರನಿಗೆ ಎರಡರಲ್ಲೂ, ಎಡಭುಜದ ಜರಿಕುಚ್ಚನ್ನು ಹೆಂಡತಿ ಮೆಹಿತಬೆಲ್ ಜೋಡಿದಾರಕ್ಕೆ ಮೇಣ ತೀಡಿ ಸುಟ್ಟ ಗಾಯದ ನೇರಕ್ಕೆ ಹೊಲಿದಳು, ನೋಡ್ರೀ, ಇದನ್ನ ಬಿಚ್ಚೋ ಕಾಲ ಬಂದ್ರೆ ಕೋಟು ಹರೀಬೇಕು, ಹಂಗೆ ಹೊಲ್ದಿದೀನಿ — ಅವನು ಬೆರಳಿನಿಂದ ಕುಚ್ಚನ್ನು ತುಸು ಎತ್ತಿ ನೋಡಿದ, ಬಿಸಿಲಿಗೆ ಕೋಟು ಬೂದಿಯ ಬಣ್ಣಕ್ಕೆ ತಿರುಗಿತ್ತು, ಕುಚ್ಚಿನಡಿಯಲ್ಲಿ ಮಾತ್ರ ನೀಲಿ, ಅಂಗಡಿಯಿಂದ ಅಂದೇ ತಂದಂಥ ನೀಲಿ.

ಮೇಜಿನ ಮೇಲೆ ರಾಜಧಾನಿಯ ಕಾಗದ, ಸಂಬಳ ಕಳಿಸಿ, ಜನ ಕಳಿಸಿ ಎಂದು ಅವನು ಚಳಿಗಾಲವಿಡೀ ಬರೆದುದಕ್ಕೆಲ್ಲ ಸೇರಿ ಒಂದೇ ಉತ್ತರ, ಯುದ್ಧ ಮುಗಿಯಿತು, ಸಿಡಿಮದ್ದಿನ ಮನೆ ಕಾಯಲು ಬೇಕಾದಷ್ಟೇ ಸಿಪಾಯಿಗಳಿರತಕ್ಕದ್ದು, ಅವರ ಮೇಲೆ ಕ್ಯಾಪ್ಟನ್‌ಗಿಂತ ಹಿರಿಯ ಅಧಿಕಾರಿ ಇರತಕ್ಕದ್ದಲ್ಲ, ಮೇಜರ್ ತ್ರೂಪ್ ಅವರು ದೇಶದ ಕೃತಜ್ಞತೆಯೊಡನೆ ಮನೆಗೆ ತೆರಳಬಹುದು — ಕೃತಜ್ಞತೆ! ಅದನ್ನು ಕೊಟ್ಟರೆ ಹಿಡಿ ಉಪ್ಪು ಬಂದೀತೇ, ತೆರಳಬಹುದಂತೆ, ಕ್ಯಾಪ್ಟನ್ನರೆಲ್ಲ ಆಗಲೇ ತೆರಳಿದ್ದಾರೆ, ಒಬ್ಬ ಗಿರಣಿಗೆ, ಒಬ್ಬ ಸೇಬಿನ ತೋಟಕ್ಕೆ, ನಿನ್ನೆ ಓಬೆಡ್ ಟೋಪಿ ಕಂಕುಳಲ್ಲಿಟ್ಟುಕೊಂಡು ಬಂದು ನಿಂತಿದ್ದ, ಸಾಹೇಬ್ರೆ, ನೀವೂ ಹೋದ್ರೆ ಸಂಬಳದ ಪಟ್ಟಿಗೆ ರುಜು ಹಾಕೋ ಕ್ಯಾಪ್ಟನ್ ಯಾರು, ನಮ್ಮಪ್ಪನಾ? ಕ್ಯಾಪ್ಟನ್ ರುಜು ಇಲ್ದೆ ಖಜಾನೆಯವ್ರು ಕಾಸು ಬಿಚ್ಚಲ್ಲ, ಕಾಸಿಲ್ದೆ ಹುಡುಗ್ರು ನಿಲ್ಲಲ್ಲ, ಆಮೇಲೆ ಮದ್ದಿನ ಮನೆಗೆ ಇಲಿಗಳದ್ದೇ ಕಾವಲು — ಸರಿಯಾಗಿಯೇ ಹೇಳಿದ, ಓಬೆಡ್ ಒರಟಾಗಿ ಹೇಳುತ್ತಾನೆ, ತಪ್ಪು ಹೇಳುವುದಿಲ್ಲ, ಹಾಗಾದರೆ ಕ್ಯಾಪ್ಟನ್ ಒಬ್ಬ ಬೇಕು, ಇರುವವನು ಮೇಜರ್ ಒಬ್ಬನೇ, ಏರಿದವನು ಇಳಿದದ್ದನ್ನು ಈ ಸೈನ್ಯ ಕಂಡಿಲ್ಲ, ನೇಮಕದ ತಾರೀಖಿನಲ್ಲಿ ಒಂದು ದಿನ ಹಿಂದುಮುಂದಾದರೆ ಯಾರು ಹಿರಿಯರೆಂದು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ಹೊಲಕ್ಕೆ ನಡೆಯುತ್ತಿದ್ದ ಜನ ಇವರು, ನಗುವರು, ನಗಲಿ, ಆ ಏರಿನಲ್ಲಿ ಹಗ್ಗ ಹಿಡಿದಾಗ ತಾನು ಯಾರಾಗಿದ್ದೆ? ಕ್ಯಾಪ್ಟನ್ನನೇ ತಾನೆ — ಗರಿಯನ್ನು ಮಸಿಗದ್ದಿದ, ಅಕ್ಷರ ನೆಟ್ಟಗೆ ಬಂದವು, ತೆರವಾದ ಕ್ಯಾಪ್ಟನ್ ಹುದ್ದೆಯನ್ನು ನಾನೇ ವಹಿಸಿಕೊಂಡಿರುತ್ತೇನೆ, ಸಂಬಳದ ಪಟ್ಟಿಗೆ ರುಜು ಮಾಡಿರುತ್ತೇನೆ, ಹಣ ಮುಂದಿನ ದೋಣಿಯಲ್ಲೇ ಬರತಕ್ಕದ್ದು, ತಮ್ಮ ಅತ್ಯಂತ ವಿಧೇಯ ಸೇವಕ, ಹೆಜಕಾಯ ತ್ರೂಪ್, ಮೇಜರ್ — ಛೆ! ಕೈಗೆ ರೂಢಿ, ಆ ಹಾಳೆ ಹರಿದು ಇನ್ನೊಂದರ ಮೇಲೆ ಮತ್ತೆ ಮೊದಲಿನಿಂದ ಬರೆದ, ಕ್ಯಾಪ್ಟನ್, ಈ ಸಲ ಸರಿಯಾಯಿತು, ಇನ್ನು ಗರಿ ಚೂಪು ಮಾಡುವ ಚಾಕು, ಮನದಲ್ಲೇ ಹೆಂಡತಿಗೆ ಹೇಳಿದ, ಮೆಹಿತಬೆಲ್, ಕೋಟು ಹರಿಯುವುದಿಲ್ಲ ನೋಡು, ಒಂದೊಂದೇ ಎಳೆ ಕೊಯ್ಯುತ್ತೇನೆ, ಮೇಣದ ದಾರ ಕಿರ್ರೆನ್ನುತ್ತಿತ್ತು, ಕೊನೆಯ ಎಳೆಯೂ ಹೋಯಿತು, ಕುಚ್ಚು ಮೇಜಿನ ಮೇಲೆ, ಭುಜದ ಮೇಲೆ ನೀಲಿ, ಅಂಗೈಯಗಲದ ನೀಲಿ.

ಕಿರಿಯ ಅಧಿಕಾರಿ ಲೆಮ್ಯುಯೆಲ್ ಬಾಗಿಲಲ್ಲಿ ನಿಂತಿದ್ದ, ಯುದ್ಧ ಮುಗಿದ ಮೇಲೆ ಬಂದವನು, ಬಂದೂಕಿನ ಹೊಗೆ ಕಾಣದ ಕಣ್ಣು, ದೋಣಿ ಹೊರಡ್ತಿದೆ ಮೇಜರ್ ಸಾಹೇಬ್ರೆ, ಕಾಗದ ಕೊಡ್ತೀರಾ — ಕ್ಯಾಪ್ಟನ್ ಅನ್ನಯ್ಯಾ, ನಾಲಿಗೆ ರೂಢಿಯಾಗ್ಲಿ — ಹುಡುಗ ಕಾಗದ ತೆಗೆದುಕೊಂಡ, ಹೋಗಲಿಲ್ಲ, ಕೇಳಿಯಾನು, ಯಾಕೆ ಎಂದು ಕೇಳಿಯಾನು, ಉತ್ತರ ಸಿದ್ಧವಿತ್ತು, ಚುಟುಕಾದ ಗಟ್ಟಿ ಉತ್ತರ, ಆದರೆ ಹುಡುಗನ ಕಣ್ಣು ಮೇಜಿನ ಮೇಲಿನ ಜರಿಯತ್ತ ಹೊರಳಲೇ ಇಲ್ಲ, ಭುಜದ ಮೇಲೆ ನಿಂತಿತು, ಬೂದಿಬಣ್ಣದ ನಡುವೆ ಆ ನೀಲಿ, ಬಿಸಿಲು ಮುಟ್ಟದ ನೀಲಿ, ನೀಲಿ —

ಸಾಹೇಬ್ರೆ, ಹಗ್ಗ ಬಿದ್ದಿದ್ದು ಆ ಹೆಗಲಿಗೇ ಅಲ್ವಾ? ದೋಣಿಯವನಿಗೆ ಸ್ವಲ್ಪ ಕಾಯಪ್ಪಾ ಅಂತ ಹೇಳಿ ಬರ್ತೀನಿ, ಆ ಫಿರಂಗಿ ಕತೆ ಇನ್ನೊಂದ್ಸಲ ಹೇಳ್ತೀರಾ?